ಮೋಟರು ಸುಟ್ಟವಳು

ಕಾಲೇಜುಗಳಲ್ಲಿ ಮಾತಾಡಲು ಕರೆದಾಗ ಕೊನೆಗೆ ಯಾರಾದರೂ ಒಬ್ಬಳು ಹುಡುಗಿ ಎದ್ದು ನಿಂತು, "ಮೇಡಂ, ನೀವು ಈ ಎನರ್ಜಿ ಆಡಿಟ್ ಕೆಲಸಕ್ಕೆ ಬಂದದ್ದು ಹೇಗೆ?" ಎಂದು ಕೇಳುತ್ತಾಳೆ. ನಾನು ಪರಿಸರ, ಇಂಧನ, ಮುಂದಿನ ತಲೆಮಾರು ಎಂದೆಲ್ಲ ಹೇಳಿ ಕುಳಿತುಬಿಡುತ್ತೇನೆ. ನಿಜ ಹೇಳಿದರೆ ಪ್ರಾಂಶುಪಾಲರು ಇನ್ನೊಮ್ಮೆ ಕರೆಯಲಿಕ್ಕಿಲ್ಲ. ನನಗೆ ಒಬ್ಬ ಮನುಷ್ಯನ ಸೊಕ್ಕು ಮುರಿಯಬೇಕಿತ್ತು. ಅವರು ಬದುಕುತ್ತಿದ್ದದ್ದು ಈ ಕೆಲಸದಿಂದ. ಹಾಗಾಗಿ ನಾನೂ ಇದನ್ನೇ ಪೂರ್ತಿ ಕಲಿತೆ.

ಅವರನ್ನು ನಾನು ಸಾರ್ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಗೌರವ ಉಂಟೆಂದಲ್ಲ, ಬಾಯಿಗೆ ಬರುವ ಬೇರೆ ಶಬ್ದಗಳನ್ನು ಅಚ್ಚು ಹಾಕಲು ಆಗುವುದಿಲ್ಲ.

ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಪುತ್ತೂರು ಪೇಟೆಯಲ್ಲಿ ಅವರ ಆಫೀಸು ಸಿಕ್ಕಿತು. ಮೇಲಂತಸ್ತಿನಲ್ಲಿ ಎರಡು ಕೋಣೆ, ಕೆಳಗೆ ಬೇಕರಿ. ಅವರ ಕೆಲಸ ಏನೆಂದರೆ ಕಾರ್ಖಾನೆ, ಆಸ್ಪತ್ರೆ, ಕಲ್ಯಾಣ ಮಂಟಪಗಳಿಗೆ ಹೋಗಿ ಅಲ್ಲಿ ಕರೆಂಟು, ಸೌದೆ, ಡೀಸೆಲ್ ಎಲ್ಲೆಲ್ಲಿ ಖರ್ಚಾಗುತ್ತದೆ, ಎಲ್ಲಿ ಸುಮ್ಮನೆ ಹಾಳಾಗುತ್ತದೆ ಎಂದು ಅಳೆದು, ಕಡಿಮೆ ಮಾಡುವ ದಾರಿ ಹೇಳುವುದು. ಹಾಗೆಂದು ಬೋರ್ಡಿನಲ್ಲಿ ಬರೆದಿತ್ತು. ಒಳಗೆ ಹೋಗಿ ನೋಡಿದಾಗ ತಿಳಿದದ್ದು, ಅಳೆಯುವವಳು ನಾನು, ಹೇಳುವವರು ಅವರು. ನಾನು ಬಾಯ್ಲರಿನ ಹಿಂದೆ ಬೆವರು ಸುರಿಸಿಕೊಂಡು ಮೀಟರು ಹಿಡಿದಿರುವಾಗ ಸಾರ್ ಯಜಮಾನರ ಏಸಿ ಕೋಣೆಯಲ್ಲಿ ಕುಳಿತು ಬಾದಾಮಿ ಹಾಲು ಕುಡಿಯುತ್ತಿದ್ದರು. ಅದಕ್ಕೆ ನನಗೆ ಬೇಸರವಿರಲಿಲ್ಲ. ಕಲಿಯಲು ಸಿಗುತ್ತದೆ ಎಂದುಕೊಂಡಿದ್ದೆ. ಮಾತಾಡುವ ಕಲೆ ಅವರಿಗೆ ಇತ್ತು, ಅದನ್ನು ಇವತ್ತಿಗೂ ಒಪ್ಪುತ್ತೇನೆ. ತುಳುವಿನವರ ಜೊತೆ ತುಳು, ಬ್ಯಾರಿ ಮುಸ್ಲಿಮರ ಜೊತೆ ಬ್ಯಾರಿ, ಸುಳ್ಯದ ಗೌಡರ ಜೊತೆ ಅರೆಭಾಷೆ. ಯಾರ ಮನೆಯ ಅಂಗಳಕ್ಕೆ ಕಾಲಿಟ್ಟರೂ ಅರ್ಧ ಗಂಟೆಯೊಳಗೆ ನೆಂಟರಾಗಿಬಿಡುತ್ತಿದ್ದರು.

ಆ ವರ್ಷ ಪುತ್ತೂರಿನ ಹೊರಗಿನ ಒಂದು ಗೇರುಬೀಜದ ಕಾರ್ಖಾನೆಯ ಕೆಲಸ ಬಂತು. ಯಜಮಾನರು ವಯಸ್ಸಾದ ಬ್ಯಾರಿ ವ್ಯಾಪಾರಿ, ಮೆಲುಮಾತಿನವರು, ಎಲ್ಲರನ್ನೂ ಮಗ, ಮಗಳೇ ಎಂದು ಕರೆಯುವವರು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಗೇರುಬೀಜವನ್ನು ಮೊದಲು ಆವಿಯಲ್ಲಿ ಬೇಯಿಸಬೇಕು, ಆಮೇಲೆ ಹೆಂಗಸರು ಕೂತು ಕತ್ತರಿಸುತ್ತಾರೆ. ಆವಿಗೆ ಬಾಯ್ಲರು. ಬಾಯ್ಲರಿನ ಹೊಗೆಯನ್ನು ಚಿಮಣಿಯ ಕಡೆಗೆ ಎಳೆಯಲು ಆನೆ ಕಿವಿಯಂಥ ಒಂದು ದೊಡ್ಡ ಫ್ಯಾನು. ಆ ಫ್ಯಾನಿನ ಮೋಟರನ್ನು ನಾನು ಮಧ್ಯಾಹ್ನದ ಹೊತ್ತು ಅಳೆದೆ. ಅರ್ಧ ಶಕ್ತಿಯಲ್ಲಿ ಆರಾಮವಾಗಿ ಓಡುತ್ತಿತ್ತು.

ಸಾರ್ ಅಂಕೆ ನೋಡಿ ಖುಷಿಯಾದರು. "ಇಷ್ಟು ದೊಡ್ಡ ಮೋಟರು ಎಂತಕ್ಕೆ ಇವರಿಗೆ? ಚಿಕ್ಕದು ಹಾಕಿಸುವ. ನನ್ನ ಪರಿಚಯದವರ ಹತ್ತಿರ ಉಂಟು."

ನಾನು ಹೇಳಿದೆ, "ಸಾರ್, ಇದು ಬಿಸಿ ಇರುವಾಗಿನ ಲೆಕ್ಕ. ಬಿಸಿ ಹೊಗೆ ಹಗುರ. ಬೆಳಿಗ್ಗೆ ತಣ್ಣಗಿನ ಬಾಯ್ಲರು ಶುರು ಮಾಡುವಾಗ ಫ್ಯಾನು ತಣ್ಣಗಿನ ಗಾಳಿ ಎಳೀಬೇಕಲ್ಲ, ಅದು ಭಾರ. ಒಂದು ಸಲ ಬೆಳಿಗ್ಗೆ ಬಂದು ಅಳೆದು ನೋಡುವ."

"ನಿನ್ನೆ ಮೊನ್ನೆ ಕಾಲೇಜಿಂದ ಬಂದವಳು ನೀನು. ಪುಸ್ತಕದ ಬದನೆಕಾಯಿ ಬೇಡ."

ಚಿಕ್ಕ ಮೋಟರು ಬಂತು. ಮೊದಲ ಸೋಮವಾರ ಬೆಳಿಗ್ಗೆಯೇ ತೊಂದರೆ ಶುರುವಾಯಿತು. ಮೋಟರಿಗೆ ಮಿತಿ ಮೀರಿ ಹೊರೆ ಬಿದ್ದರೆ ತಾನಾಗಿ ನಿಲ್ಲಿಸುವ ಒಂದು ರಕ್ಷಣೆಯ ಸಾಧನ ಇರುತ್ತದೆ, ರಿಲೇ ಎನ್ನುತ್ತೇವೆ. ಅದು ಶುರು ಮಾಡಿದ ಕೂಡಲೇ ಟಪ್ಪೆಂದು ಬೀಳುವುದು, ಮತ್ತೆ ಶುರು ಮಾಡುವುದು, ಮತ್ತೆ ಬೀಳುವುದು. ನಾನು ಅಲ್ಲಿದ್ದೆ. ಸಾರಿಗೆ ಫೋನು ಮಾಡಿದೆ.

"ರಿಲೇಯನ್ನು ಸ್ವಲ್ಪ ಮೇಲೆ ತಿರುಗಿಸು," ಎಂದರು.

"ಬೇಡ ಸಾರ್, ಮಿತಿ ಏರಿಸಿದ್ರೆ ಮೋಟರು ಸುಡ್ತದೆ."

"ಫೋನು ಆಪರೇಟರಿಗೆ ಕೊಡು."

ಬಾಯ್ಲರು ನೋಡಿಕೊಳ್ಳುವ ಆಪರೇಟರು ಕಡಬದ ಕಡೆಯವನು, ನನಗಿಂತ ಸ್ವಲ್ಪ ದೊಡ್ಡವನು. ಅವನು ಫೋನು ಕಿವಿಗೆ ಹಿಡಿದು ಹ್ಞಾಂ, ಹ್ಞಾಂ ಎಂದ. ನನ್ನ ಕಣ್ಣೆದುರೇ ಸ್ಕ್ರೂಡ್ರೈವರ್ ತೆಗೆದುಕೊಂಡು ತಿರುಗಿಸಿದ. "ಬೇಡ ಮಾರಾಯ" ಎಂದೆ. "ಸಾರ್ ಹೇಳಿದ್ದಲ್ವಾ" ಎಂದ.

ಆ ವಾರ ಕಳೆಯುವುದರೊಳಗೆ ಮೋಟರು ಸುಟ್ಟಿತು. ಸುಟ್ಟ ವಾರ್ನಿಷಿನ ಘಾಟು ಹೆಂಗಸರು ಬೀಜ ಕತ್ತರಿಸುವ ಕಟ್ಟಿಂಗ್ ಹಾಲಿನವರೆಗೆ ಬಂತು. ಬೇಯುತ್ತಿದ್ದ ಬೀಜ ಅರ್ಧಕ್ಕೆ ನಿಂತು ಹಾಳಾಯಿತು. ಬೇರೆ ಮೋಟರು ಬರುವವರೆಗೆ ಹೆಂಗಸರಿಗೆಲ್ಲ ಕೆಲಸವಿಲ್ಲ.

ಸಾರ್ ಮಧ್ಯಾಹ್ನ ಕಾರಿನಲ್ಲಿ ಬಂದರು. ಯಜಮಾನರು ಕಟ್ಟಿಂಗ್ ಹಾಲಿನಲ್ಲೇ ನಿಂತಿದ್ದರು. ಹೆಂಗಸರು ಮನೆಗೆ ಹೊರಡಲು ಬುತ್ತಿ ಚೀಲ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಅವರೆಲ್ಲರ ಎದುರು ಸಾರ್ ನನ್ನ ಕಡೆ ಬೆರಳು ತೋರಿಸಿದರು.

"ಅಳತೆ ಇವಳದ್ದು. ಇವಳು ತಪ್ಪು ಅಳತೆ ಕೊಟ್ಟದ್ದು. ರಿಲೇಗೆ ಕೂಡ ಇವಳೇ ಕೈ ಹಾಕಿದ್ದಂತೆ. ಹುಡುಗಿ ಅಲ್ವಾ, ಒಂದು ಅವಕಾಶ ಕೊಡುವ ಅಂತ ಇಟ್ಟುಕೊಂಡದ್ದು ನನ್ನ ತಪ್ಪು."

ನಾನು ಆಪರೇಟರನ ಕಡೆ ನೋಡಿದೆ. ಅವನು ತನ್ನ ಚಪ್ಪಲಿ ನೋಡುತ್ತಿದ್ದ. "ಹೇಳು ಮಾರಾಯ, ಫೋನಿನಲ್ಲಿ ಎಂತ ಹೇಳಿದ್ದು ಅಂತ ಹೇಳು" ಎಂದೆ. ಅವನು ತಲೆ ಎತ್ತಲಿಲ್ಲ. ಯಜಮಾನರು ನಿಟ್ಟುಸಿರು ಬಿಟ್ಟು, "ನೀನು ಹೋಗು ಮಗಳೇ. ಇನ್ನು ಈ ಕಡೆ ಬರುದು ಬೇಡ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೆತ್ತಗೆ ಹೇಳಿದ್ದರಿಂದ ಅದು ನಿಜವೆಂದು ಎಲ್ಲರಿಗೂ ಅನ್ನಿಸಿರಬೇಕು. ಸಾಲಿನಲ್ಲಿದ್ದ ಒಬ್ಬಳು ಹೆಂಗಸು, "ಇವಳಿಂದಾಗಿ ನಮ್ಮ ವಾರದ ಕೂಲಿ ಹೋಯ್ತು" ಎಂದದ್ದು ಗೇಟಿನವರೆಗೆ ನನ್ನ ಹಿಂದೆಯೇ ಬಂತು.

ಪುತ್ತೂರು, ಸುಳ್ಯ, ಕಡಬ, ನಮ್ಮ ಮೂರು ತಾಲೂಕು ಸೇರಿದರೂ ಸಣ್ಣ ಜಾಗ. ಎಲೆಕ್ಟ್ರಿಕಲ್ ಅಂಗಡಿಯವರು, ಮೋಟರು ರಿವೈಂಡ್ ಮಾಡುವವರು, ಕಾರ್ಖಾನೆಯ ಮ್ಯಾನೇಜರುಗಳು ಎಲ್ಲ ಒಬ್ಬರಿಗೊಬ್ಬರು ಗೊತ್ತು. ನಾನು ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಮುಖ ನೋಡಿದ ಕೂಡಲೇ ಅವರಿಗೆ ನೆನಪಾಗುತ್ತಿತ್ತು. ಒಂದು ಅಂಗಡಿಯಲ್ಲಿ ಒಳಗಿನಿಂದ ಒಬ್ಬರು ಕೇಳಿದ್ದು ನನಗೆ ಸ್ಪಷ್ಟ ಕೇಳಿಸಿತು: "ಯಾರು ಬಂದದ್ದು? ಆ ಮೋಟರು ಸುಟ್ಟವಳಾ?"

ಅಪ್ಪ ಕಡಬದಿಂದ ಪೆರಾಬೆಯ ಕಡೆಗೆ ಜೀಪು ಓಡಿಸುತ್ತಾರೆ. ಅವರ ಬಾಯಿಂದ ನಾನು ಏನೂ ಕೇಳಲಿಲ್ಲ. ಅಮ್ಮ ಹೇಳಿದ್ದು. ಜೀಪಿನಲ್ಲಿ ಹಿಂದೆ ಕುಳಿತ ಇಬ್ಬರು, ಡ್ರೈವರ್ ಯಾರೆಂದು ಗೊತ್ತಿದ್ದೂ, "ಗೇರುಬೀಜದ ಫ್ಯಾಕ್ಟರಿಯಲ್ಲಿ ಬೆಂಕಿ ಹಾಕಿದ್ದು ಇವರ ಮಗಳಂತೆ" ಎಂದು ನಗುತ್ತಾ ಹೋದರಂತೆ. ಮೋಟರು ಸುಟ್ಟದ್ದು ಅಷ್ಟರಲ್ಲಿ ಬೆಂಕಿ ಆಗಿತ್ತು. ಅಪ್ಪ ಅವರನ್ನು ಅವರ ಜಾಗದಲ್ಲೇ ಇಳಿಸಿ, ಚಿಲ್ಲರೆ ಕೊಟ್ಟು, ಮನೆಗೆ ಬಂದು ಊಟ ಮಾಡದೆ ಮಲಗಿದರಂತೆ.

ಅದನ್ನು ಕೇಳಿದ ದಿನ ನಾನು ಅಳಲಿಲ್ಲ. ಅದರ ಹಿಂದಿನ ಎಲ್ಲ ದಿನ ಅತ್ತಿದ್ದೆ. ಆ ದಿನ ಸಾರಿಗೆ ಹೀಗೆಯೇ ಆಗಬೇಕು ಅನ್ನಿಸಿತು. ಅವರು ಹೋದಲ್ಲೆಲ್ಲ ಅವರಿಗಿಂತ ಮೊದಲು ಅವರ ಹೆಸರು ಹೋಗಿ ಕೂತಿರಬೇಕು.

ಸರಕಾರದ ಒಂದು ಪರೀಕ್ಷೆ ಉಂಟು, ಪಾಸಾದರೆ ಅಧಿಕೃತ ಎನರ್ಜಿ ಆಡಿಟರ್ ಆಗಬಹುದು. ಸಾರ್ ಅದನ್ನು ಪಾಸು ಮಾಡಿರಲಿಲ್ಲ. ಬೇರೆ ಊರಿನ ಯಾರದೋ ಪ್ರಮಾಣಪತ್ರದ ನೆರಳಿನಲ್ಲಿ ವ್ಯವಹಾರ ನಡೆಸುತ್ತಿದ್ದರು. ನಾನು ಓದಲು ಕೂತೆ. ಬಾಯ್ಲರು, ಕಂಪ್ರೆಸರು, ಪಂಪು, ಕುಲುಮೆ. ಫ್ಯಾನುಗಳ ಅಧ್ಯಾಯದಲ್ಲಿ, ತಣ್ಣಗಿನ ಗಾಳಿ ಎಳೆಯುವಾಗ ಹೊರೆ ಹೆಚ್ಚು, ಮೋಟರು ಆರಿಸುವಾಗ ಅದನ್ನು ಗಮನಿಸಬೇಕು ಎಂದು ಎರಡು ಸಾಲು ಸಿಕ್ಕಿತು. ಆ ಪುಟವನ್ನು ಹರಿದು ಅವರ ಬಾಯಿಗೆ ತುರುಕಬೇಕು ಎನ್ನಿಸಿತು. ಓದುವವರು ಯಾವ್ಯಾವುದೋ ದೊಡ್ಡ ಉದ್ದೇಶ ಇಟ್ಟುಕೊಂಡು ಓದುತ್ತಾರೆ. ನಾನು ಆ ಬೆರಳು ತೋರಿಸಿದ ಕೈ ನೆನಪಿಸಿಕೊಂಡು ಓದಿದೆ. ನಿದ್ರೆ ಬಂದರೆ ಚಪ್ಪಲಿ ನೋಡುತ್ತಿದ್ದ ಆಪರೇಟರನ್ನೂ ನೆನೆಸಿಕೊಳ್ಳುತ್ತಿದ್ದೆ. ಸಿಟ್ಟು ಚಹಾಕ್ಕಿಂತ ಒಳ್ಳೆಯದು, ಕಣ್ಣು ಮುಚ್ಚಲು ಬಿಡುವುದಿಲ್ಲ.

ಪಾಸಾದೆ. ಕೆಲಸ ಕೊಡುವವರು ಮಾತ್ರ ಯಾರೂ ಇರಲಿಲ್ಲ.

ಮೊದಲ ಕೆಲಸ ಕೊಟ್ಟದ್ದು ಬೆಟ್ಟಂಪಾಡಿಯ ಒಬ್ಬ ಹೆಂಗಸು. ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಘಟಕ ನಡೆಸುತ್ತಿದ್ದರು. ಬಿಸಿ ಅಚ್ಚಿನಲ್ಲಿ ಹಾಳೆ ಇಟ್ಟು ಒತ್ತಿದರೆ ತಟ್ಟೆಯಾಗುತ್ತದೆ. ಅವರಿಗೆ ಕರೆಂಟು ಬಿಲ್ಲಿನ ಚಿಂತೆ, ನನಗೆ ಯಾರಾದರೂ ಒಳಗೆ ಬಿಟ್ಟರೆ ಸಾಕಿತ್ತು.

"ನಿಮ್ಮ ಬಗ್ಗೆ ಕೇಳಿದ್ದೇನೆ," ಎಂದರು ಅವರು ಬಾಗಿಲಲ್ಲೇ.

"ಎಂತ ಕೇಳಿದ್ದು?"

"ಎಂತ ಕೇಳಿದ್ದು ಅಂತ ನಿಮಗೆ ಗೊತ್ತುಂಟಲ್ಲ. ಇಲ್ಲಿ ಸುಡುವಂಥ ದೊಡ್ಡ ಮೋಟರು ಇಲ್ಲ, ಬನ್ನಿ ಮಾರಾಯ್ತಿ."

ಅವರ ಅಚ್ಚುಗಳು ನಾಲ್ಕೂ ಕಡೆ ಬರಿಮೈಯಲ್ಲಿ ಉರಿಯುತ್ತಿದ್ದವು. ಹಾಳೆಗೆ ಹೋಗಬೇಕಾದ ಬಿಸಿ ಕೋಣೆಗೆ ಹೋಗುತ್ತಿತ್ತು, ಕೆಲಸದ ಹೆಂಗಸರು ಸೆರಗಿನಲ್ಲಿ ಮುಖ ಒರೆಸಿ ಒರೆಸಿ ಸೋತಿದ್ದರು. ಅಚ್ಚಿನ ಸುತ್ತ ಶಾಖ ತಡೆಯುವ ಹೊದಿಕೆ ಹಾಕಿಸಿದೆ, ಬೇಕಾದಷ್ಟು ಬಿಸಿಯಾದ ಕೂಡಲೇ ತಾನಾಗಿ ಆಫ್ ಆಗುವ ಥರ್ಮೋಸ್ಟಾಟ್ ಹಾಕಿಸಿದೆ. ಮುಂದಿನ ಬಿಲ್ಲು ಬಂದಾಗ ಅವರು ಫೋನು ಮಾಡಿ ಹೇಳಿದ್ದು ಬಿಲ್ಲಿನ ವಿಷಯ ಅಲ್ಲ. "ಕೋಣೆಯಲ್ಲಿ ಉಸಿರಾಡ್ಲಿಕ್ಕೆ ಆಗ್ತದೆ ಈಗ" ಎಂದರು. ಆಮೇಲೆ ಅವರೇ ನಾಲ್ಕು ಜನರಿಗೆ ಹೇಳಿದರು. ಪೆರಾಬೆಯಲ್ಲಿ ರಬ್ಬರ್ ಶೀಟು ಒಣಗಿಸುವ ಹೊಗೆಗೂಡು, ಕಡಬದಲ್ಲಿ ಒಂದು ಹಿಟ್ಟಿನ ಗಿರಣಿ, ಹೀಗೆ ಸಣ್ಣಸಣ್ಣ ಕೆಲಸ ಬಂದವು. ನಾನು ಹೋದಲ್ಲೆಲ್ಲ ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದೆ: ಇದಕ್ಕಿಂತ ಮೊದಲು ಯಾರಾದರೂ ಬಂದಿದ್ದರಾ?

ಸುಳ್ಯದ ಒಂದು ಕಲ್ಯಾಣ ಮಂಟಪದಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಅದರ ಯಜಮಾನರು ದೊಡ್ಡ ಜಮೀನಿನ ಗೌಡರು. ನನ್ನನ್ನು ಸ್ವಿಚ್ ಬೋರ್ಡಿನ ಕೋಣೆಗೆ ಕರೆದುಕೊಂಡು ಹೋಗಿ, ಗೋಡೆಯ ಮೇಲಿನ ನೀಲಿ ಪೆಟ್ಟಿಗೆಯೊಂದನ್ನು ಹೆಮ್ಮೆಯಿಂದ ತೋರಿಸಿದರು. ಮುಂದೆ ಹಸಿರು ದೀಪ. ಸಾರ್ ಹಾಕಿಸಿದ್ದಂತೆ. ಕರೆಂಟು ಉಳಿಸುವ ಪೆಟ್ಟಿಗೆಯಂತೆ.

"ಉಳಿದಿದೆಯಾ?" ಎಂದೆ.

"ಬಿಲ್ಲಿನಲ್ಲಿ ಕಾಣುದಿಲ್ಲ. ಆದರೆ ಅವರು ಮೀಟರು ಇಟ್ಟು ತೋರಿಸಿದ್ದಾರೆ. ನಾನೇ ಕಣ್ಣಾರೆ ನೋಡಿದ್ದೇನೆ."

ಅವರು ನೋಡಿದ್ದು ಏನೆಂದು ನನಗೆ ಕೂಡಲೇ ಗೊತ್ತಾಯಿತು. ವಯರಿಗೆ ಇಕ್ಕಳದಂತೆ ಕಚ್ಚಿಸಿ ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಎಂಬ ಉಪಕರಣ ಉಂಟು. ಮೋಟರು ಓಡುವಾಗ ಆ ಪೆಟ್ಟಿಗೆ ಆನ್ ಮಾಡಿದರೆ ಕ್ಲಾಂಪ್ ಮೀಟರಿನಲ್ಲಿ ಅಂಕೆ ಸರ್ರನೆ ಇಳಿಯುತ್ತದೆ. ನೋಡಿದವರು ನಂಬಿಬಿಡುತ್ತಾರೆ. ಇಳಿಯುವುದು ವಯರಿನಲ್ಲಿ ಸುಮ್ಮನೆ ಹೋಗಿ ಬರುವ ಕರೆಂಟು ಮಾತ್ರ. ಮೋಟರು ನಿಜವಾಗಿ ತಿನ್ನುವುದು, ಬಿಲ್ಲಿಗೆ ಲೆಕ್ಕವಾಗುವುದು, ಇಳಿಯುವುದೇ ಇಲ್ಲ. ನೂರು ವ್ಯಾಟಿನ ಕೆಲಸಕ್ಕೆ ನೂರು ವ್ಯಾಟೇ ಬೇಕು. ಪೆಟ್ಟಿಗೆಯೊಳಗೆ ಇರುವುದು ಒಂದು ಕೆಪಾಸಿಟರು, ಒಂದು ಹಸಿರು ದೀಪ, ಉಳಿದದ್ದು ಗಾಳಿ.

ನನಗೆ ಆಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕೋಣೆಯಿಂದ ಹೊರಗೆ ಬಂದು ಹಳೆಯ ಚಪ್ಪರದ ಕಂಬ ಹಿಡಿದು ಒಬ್ಬಳೇ ನಕ್ಕೆ. ಇಷ್ಟು ದಿನ ಅವರು ನನಗೆ ಮಾಡಿದ್ದನ್ನು ಸಾಬೀತು ಮಾಡಲು ನನ್ನಲ್ಲಿ ಏನೂ ಇರಲಿಲ್ಲ. ಮೋಟರು ಸುಟ್ಟು ಹೋಗಿತ್ತು, ಸಾಕ್ಷಿ ಚಪ್ಪಲಿ ನೋಡುತ್ತಿತ್ತು. ಈಗ ಅವರು ತಾವಾಗಿಯೇ ಊರೂರಿಗೆ ಹೋಗಿ ಗೋಡೆಗೆ ಮೊಳೆ ಹೊಡೆದು ಸಾಕ್ಷಿ ನೇತುಹಾಕಿ ಬಂದಿದ್ದರು.

ಆಮೇಲೆ ನಾನು ಆ ನೀಲಿ ಪೆಟ್ಟಿಗೆಗಳನ್ನು ಹುಡುಕಿಕೊಂಡು ಹೋದೆ. ಯಾರೂ ಕರೆಯದಿದ್ದರೂ ಹೋದೆ. ಬಸ್ಸಿನಲ್ಲಿ, ಜೀಪಿನಲ್ಲಿ, ಕೆಲವು ಕಡೆ ನಡೆದು. "ಪುಕ್ಕಟೆ ಅಳೆದು ತೋರಿಸ್ತೇನೆ, ನೋಡಿ ನೀವೇ ಹೇಳಿ" ಎನ್ನುತ್ತಿದ್ದೆ. ಪ್ರತಿ ಕಡೆಯೂ ಅದೇ ಆಟ. ಮನೆಗೆ ಬರುವ ಕರೆಂಟು ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಕರೆಂಟು ಹೆಚ್ಚು ಹೋದರೆ ಬೇಗ ಬೇಗ, ಕಡಿಮೆ ಹೋದರೆ ನಿಧಾನ. ಒಂದೇ ಮೋಟರು ಓಡಿಸಿ, ಪೆಟ್ಟಿಗೆ ಆನ್ ಮಾಡಿ ದೀಪ ನೋಡಲು ಹೇಳುವುದು, ಆಫ್ ಮಾಡಿ ನೋಡಲು ಹೇಳುವುದು. ದೀಪಕ್ಕೆ ಪೆಟ್ಟಿಗೆಯ ಪರಿವೆಯೇ ಇರುತ್ತಿರಲಿಲ್ಲ. ನಾನು ಸಾರಿನ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಯಜಮಾನರ ಮುಖದ ಬಣ್ಣ ಬದಲಾಗುವುದನ್ನು ನೋಡಿ, "ಬರ್ತೇನೆ" ಎಂದು ಹೊರಡುತ್ತಿದ್ದೆ. ಗೇಟು ದಾಟುವ ಮೊದಲೇ ಅವರು ಫೋನಿನಲ್ಲಿ ಸಾರಿಗೆ ಬೈಯುವುದು ಕೇಳಿಸುತ್ತಿತ್ತು. ಅದೇ ನನ್ನ ಸಂಬಳ.

ಸಾರ್ ಒಮ್ಮೆ ಫೋನು ಮಾಡಿದರು. "ನಿನಗೆ ಬೇರೆ ಕೆಲಸ ಇಲ್ವಾ?"

"ಇದೇ ಸಾರ್ ನನ್ನ ಕೆಲಸ. ನೀವೇ ಕಲಿಸಿದ್ದಲ್ವಾ."

ಮುಂದಿನ ಮಳೆಗಾಲ ಮುಗಿದ ಮೇಲೆ ಗೇರುಬೀಜದ ಕಾರ್ಖಾನೆಯ ಯಜಮಾನರು ಫೋನು ಮಾಡಿದರು. ಮಾತಿನಲ್ಲಿ ಮೊದಲಿನ ಮೆಲುತನವೇ ಇತ್ತು. ಸಾರ್ ಅವರ ಇಡೀ ಕಾರ್ಖಾನೆಗೆ ನೀಲಿ ಪೆಟ್ಟಿಗೆ ಹಾಕಿಸುವ ಮಾತು ನಡೆಸಿದ್ದರಂತೆ, ಮಾದರಿಗೆಂದು ಒಂದನ್ನು ಹಾಕಿಯೂ ಆಗಿತ್ತಂತೆ. ಅಷ್ಟರಲ್ಲಿ ಯಾರೋ ನನ್ನ ವಿಷಯ ಹೇಳಿದ್ದರು.

"ಒಂದು ಸಲ ಬಂದು ನೋಡ್ತೀಯಾ ಮಗಳೇ?"

"ಈ ಕಡೆ ಬರುದು ಬೇಡ ಅಂತ ಹೇಳಿದ್ದಿರಿ."

"ಹೇಳಿದ್ದು ಹೌದು."

"ಬರ್ತೇನೆ. ಆದರೆ ಸಾರನ್ನೂ ಕರೆಸಿ. ಇಬ್ಬರ ಎದುರೇ ಅಳೆಯುವ."

ಆ ದಿನ ಬೆಳಿಗ್ಗೆ ನಾನು ಮದುವೆಗೆ ಹೋಗುವಂತೆ ತಯಾರಾದೆ. ಒಳ್ಳೆಯ ಚೂಡಿದಾರ ಹಾಕಿದೆ, ಅಮ್ಮ ಮುಡಿಯಲು ಮಲ್ಲಿಗೆ ಕೊಟ್ಟರು, ಅದನ್ನೂ ಮುಡಿದೆ. ಬಾಯ್ಲರು ಮನೆಗೆ ಮಲ್ಲಿಗೆ ಮುಡಿದು ಹೋದ ಆಡಿಟರು ನಾನೊಬ್ಬಳೇ ಇರಬೇಕು.

ಮೀಟರು ಕೋಣೆಯಲ್ಲಿ ನಾವು ನಾಲ್ಕು ಜನ: ಯಜಮಾನರು, ಸಾರ್, ನಾನು, ಅದೇ ಆಪರೇಟರು. ಸಾರ್ ಮೊದಲು ತಮ್ಮ ಆಟ ತೋರಿಸಿದರು. ಕ್ಲಾಂಪ್ ಮೀಟರ್ ಹಾಕಿ ಪೆಟ್ಟಿಗೆ ಆನ್ ಮಾಡಿದರು. ಅಂಕೆ ಇಳಿಯಿತು. "ನೋಡಿ" ಎಂದು ಯಜಮಾನರ ಕಡೆ ತಿರುಗಿ ನಕ್ಕರು.

ನಾನು ಹೇಳಿದೆ, "ಬೇರೆ ಎಲ್ಲ ಬಂದ್ ಮಾಡಿ ಬಾಯ್ಲರಿನ ಆ ಒಂದು ಫ್ಯಾನು ಮಾತ್ರ ಓಡಿಸಿ. ಕಾಕಾ, ನೀವು ಈ ಕೆಂಪು ದೀಪ ನೋಡಿ. ಸಾರ್, ನೀವೇ ಪೆಟ್ಟಿಗೆ ಆನ್ ಆಫ್ ಮಾಡಿ. ನಾನು ಯಾವುದಕ್ಕೂ ಕೈ ಹಾಕುದಿಲ್ಲ. ಮತ್ತೆ ನಾನು ಕೈ ಹಾಕಿದ್ದು ಅಂತ ಆಗುದು ಬೇಡ."

ಸಾರ್ ಆನ್ ಮಾಡಿದರು. ಆಫ್ ಮಾಡಿದರು. ಮತ್ತೆ ಆನ್ ಮಾಡಿದರು. ಯಜಮಾನರು ಕನ್ನಡಕ ತೆಗೆದು, ಒರೆಸಿ, ಪುನಃ ಹಾಕಿ ನೋಡಿದರು. ದೀಪ ಒಂದೇ ಲಯದಲ್ಲಿ ಮಿಣುಕುತ್ತಿತ್ತು.

"ದೀಪ ನೋಡಿ ಆಡಿಟ್ ಮಾಡುದಾ?" ಎಂದರು ಸಾರ್. ನಗು ಅರ್ಧಕ್ಕೆ ನಿಂತಿತ್ತು.

"ಬಿಲ್ಲು ಬರುದು ಈ ದೀಪದ ಲೆಕ್ಕದಲ್ಲಿ ಸಾರ್. ವಯರಿನಲ್ಲಿ ಸುಮ್ಮನೆ ಹೋಗಿ ಬರುವ ಕರೆಂಟು ಇಳಿಸ್ಲಿಕ್ಕೆ ಇವರಲ್ಲಿ ದೊಡ್ಡ ಕೆಪಾಸಿಟರ್ ಪ್ಯಾನಲು ಮೊದಲೇ ಉಂಟು. ಅದಕ್ಕೆ ನಿಮ್ಮ ಪೆಟ್ಟಿಗೆ ಬೇಡ. ಬೇರೆ ಎಂತಕ್ಕೆ ಬೇಕು ಅಂತ ನೀವೇ ಹೇಳಿ."

ಯಜಮಾನರು ನನ್ನ ಕಡೆ ತಿರುಗಿ, "ಇಡೀ ಫ್ಯಾಕ್ಟರಿಯ ಆಡಿಟ್ ನೀನೇ ಮಾಡು. ಫೀಸು ಎಷ್ಟು ಹೇಳು" ಎಂದರು.

"ಫೀಸು ಮತ್ತೆ ನೋಡುವ. ಮೊದಲು, ಆ ದಿನ ಯಾವ ಹಾಲಿನಲ್ಲಿ ನನ್ನ ಮೇಲೆ ಬೆರಳು ತೋರಿಸಿದ್ದೋ ಅದೇ ಹಾಲಿನಲ್ಲಿ ನಿಜ ಹೇಳಿಸಿ. ಮೋಟರು ಸುಟ್ಟದ್ದು ಯಾರು ಅಂತ."

"ಅದೆಲ್ಲ ಹಳೆ ಕತೆ," ಎಂದರು ಸಾರ್.

ಆಗ ಆಪರೇಟರು ಬಾಯಿ ತೆರೆದ. "ರಿಲೇ ತಿರುಗಿಸ್ಲಿಕ್ಕೆ ಹೇಳಿದ್ದು ಸಾರೇ. ಫೋನಿನಲ್ಲಿ. ತಿರುಗಿಸಿದ್ದು ನಾನು. ಇವರು ಬೇಡ ಬೇಡ ಅಂತ ಹೇಳಿದ್ರು." ಸಾರಿನ ಬಲ ಇಳಿದ ಮೇಲೆ ಅವನಿಗೆ ಧೈರ್ಯ ಬಂದಿತ್ತು. ಅವನು ನನ್ನ ಕಡೆ ನೋಡಿದ, ನಾನು ಏನಾದರೂ ಹೇಳಬಹುದೆಂದು. ಬೇಕಾದಾಗ ಸಿಗದ ಮಾತಿಗೆ ನನ್ನಲ್ಲಿ ಬೆಲೆ ಇರಲಿಲ್ಲ.

ಯಜಮಾನರು ಪೆಟ್ಟಿಗೆಯ ಸ್ವಿಚ್ಚನ್ನು ತಾವೇ ಆಫ್ ಮಾಡಿದರು. ಆಮೇಲೆ, "ಬನ್ನಿ" ಎಂದು ಮುಂದೆ ನಡೆದರು. ಸಾರ್ ಹಿಂಜರಿದಾಗ ತಿರುಗಿ, "ಬನ್ನಿ ಅಂದೆ" ಎಂದರು. ಅವರ ಧ್ವನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹೆಂಗಸರಿಗೆ ಚಹಾದ ಹೊತ್ತು. ಕತ್ತರಿಸುವ ಯಂತ್ರಗಳು ನಿಂತಿದ್ದವು. ಗೇರುಬೀಜದ ಸೊನೆಯಿಂದ ಕಪ್ಪಾದ ಕೈಗಳಲ್ಲಿ ಲೋಟ ಹಿಡಿದುಕೊಂಡು ಎಲ್ಲರೂ ತಿರುಗಿ ನೋಡಿದರು. ಯಜಮಾನರೇ ಮೊದಲು ಮಾತಾಡಿದರು. "ಈ ಮಗಳನ್ನು ನಾನು ಇಲ್ಲಿಂದ ಕಳಿಸಿದ್ದೆ. ವಿಚಾರಿಸದೆ ಕಳಿಸಿದ್ದು. ತಪ್ಪು ನನ್ನದು." ಆಮೇಲೆ ಸಾರಿನ ಕಡೆ ನೋಡಿದರು.

ಊರಿನ ಭಾಷೆಯೆಲ್ಲ ಆಡುವ ಮನುಷ್ಯನಿಗೆ ಒಂದು ಭಾಷೆಯೂ ಸಿಗಲಿಲ್ಲ. "ಮೋಟರು ಹೋದದ್ದು... ನನ್ನ ತೀರ್ಮಾನದಿಂದ" ಎಂದರು.

"ಕೇಳಿಸ್ಲಿಲ್ಲ" ಎಂದಳು ಹಿಂದಿನ ಸಾಲಿನ ಒಬ್ಬಳು. ನಾನು ಹೇಳಿಕೊಟ್ಟದ್ದಲ್ಲ. ವಾರದ ಕೂಲಿ ಹೋದದ್ದು ಅವಳಿಗೂ ನೆನಪಿತ್ತು. ಸಾರ್ ಇನ್ನೊಮ್ಮೆ ಹೇಳಬೇಕಾಯಿತು, ಜೋರಾಗಿ. ಹೆಂಗಸರು ನಕ್ಕರು. ಸಾರ್ ಬೆವರಿದ ಬಿಳಿ ಅಂಗಿಯಲ್ಲಿ ಕಾರಿನ ಕಡೆ ನಡೆದು ಹೋಗುವುದನ್ನು ನಾನು ಕಿಟಕಿಯಿಂದ ನೋಡಿದೆ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ಆಮೇಲೆ ಕೆಲಸ ಶುರು ಮಾಡಿದೆ. ಆ ಕಾರ್ಖಾನೆಯಲ್ಲಿ ಆವಿಯ ಕೊಳವೆಗಳು ಎಲ್ಲೆಲ್ಲಿ ಸೋರುತ್ತಿದ್ದವು, ಅದನ್ನು ಹೇಗೆ ನಿಲ್ಲಿಸಿದೆ ಎನ್ನುವುದು ಒಳ್ಳೆಯ ಕೆಲಸದ ಕತೆ, ಆದರೆ ನಾನು ಆ ದಿನ ಹೋದದ್ದು ಅದಕ್ಕಲ್ಲ.

ಪುತ್ತೂರಿನ ಆಫೀಸು ಮುಚ್ಚಿತು. ಪೆಟ್ಟಿಗೆ ಹಾಕಿಸಿಕೊಂಡವರು ಬಂದು ಬೇಕರಿಯ ಮುಂದೆ ನಿಂತು ಗಲಾಟೆ ಮಾಡುತ್ತಿದ್ದರಂತೆ.

ಸ್ವಲ್ಪ ಸಮಯದ ನಂತರ ಒಂದು ಭಾನುವಾರ ಸಾರಿನ ಹೆಂಡತಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಹಣ್ಣಿನ ಚೀಲ. ಅವರನ್ನು ನಾನು ಆಫೀಸಿನ ಪೂಜೆಯ ದಿನ ನೋಡಿದ್ದೆ, ಪ್ರೀತಿಯಿಂದ ಮಾತಾಡಿಸಿದ್ದರು. ಅಮ್ಮ ಚಾಪೆ ಹಾಸಿ, ಶರಬತ್ತು ಮಾಡಿಕೊಟ್ಟರು.

"ಅವರಿಗೆ ಶುಗರು ಜಾಸ್ತಿಯಾಗಿದೆ," ಎಂದರು ಅವರು. "ಯಾರ ಮುಖವೂ ನೋಡುದಿಲ್ಲ. ನೀವು ಇನ್ನೂ ಒಂದೊಂದು ಕಡೆ ಹೋಗ್ತಾ ಇದ್ದೀರಿ ಅಂತ ಕೇಳಿದೆ. ಇನ್ನು ಸಾಕಲ್ವಾ? ನಿಮಗೆ ಬೇಕಾದದ್ದು ಆಯ್ತಲ್ಲ."

"ಅಕ್ಕ, ಅವರ ಬಗ್ಗೆ ನಾನು ಎಲ್ಲಿಯೂ ಒಂದು ಸುಳ್ಳು ಹೇಳಿಲ್ಲ. ಸುಳ್ಳಾಗಿದ್ರೆ ಇವತ್ತೇ ನಿಲ್ಲಿಸ್ತಿದ್ದೆ."

ಅವರು ಶರಬತ್ತು ಮುಗಿಸದೆ ಎದ್ದರು. ಅವರು ಹೋದ ಮೇಲೆ ಅಮ್ಮ ನನಗೆ ಬೈದರು. ಇಷ್ಟು ಹಠ ಹೆಣ್ಣಿಗೆ ಒಳ್ಳೆಯದಲ್ಲ, ಬಂದವರ ಎದುರು ಹಾಗೆ ಮಾತಾಡುವುದಾ, ಅವರು ಎಂತ ಪಾಪ ಮಾಡಿದ್ದಾರೆ ಎಂದು. ಅಪ್ಪ ಜಗಲಿಯಲ್ಲಿ ಜೀಪಿನ ಯಾವುದೋ ಭಾಗಕ್ಕೆ ಗ್ರೀಸು ಹಚ್ಚುತ್ತಿದ್ದರು. ಈ ವಿಷಯದಲ್ಲಿ ಅವರು ಬಾಯಿ ಬಿಟ್ಟದ್ದು ಆಗಲೇ ಮೊದಲು.

"ಇವಳ ಬಗ್ಗೆ ಹೇಳ್ಲಿಕ್ಕೆ ಜೀಪಿನಲ್ಲಿ ತುಂಬ ಜನ ಇದ್ದರು," ಎಂದರು. "ನಿಜ ಗೊತ್ತಾದ ಮೇಲೆ ಒಬ್ಬನಾದರೂ ಹತ್ತಿ, ತಪ್ಪಾಯ್ತು ಮಾರಾಯ್ರೆ ಅಂತ ಹೇಳಿದ್ದಾನಾ? ಅವಳು ಬಿಡುದು ಬೇಡ."

ನಾನು ಬಿಡಲಿಲ್ಲ.

ಈಗ ಹೇಳಬೇಕಾದದ್ದು ಹೋದ ಮಳೆಗಾಲದ ವಿಷಯ. ಸುಳ್ಯದಲ್ಲಿ ಐಸ್‌ಕ್ರೀಂ ತಯಾರಿಸುವ ಒಂದು ಘಟಕದಿಂದ ಕರೆ ಬಂತು. ಕಟ್ಟಡದ ಮಾಡಿನ ಮೇಲೆ ಸೋಲಾರ್ ಹಾಕಿಸಿದ್ದಾರೆ, ಹೇಳಿದಷ್ಟು ಕರೆಂಟು ಬರುತ್ತಿಲ್ಲ, ಮೋಸ ಆಗಿದೆಯೆಂದು ಅವರಿಗೆ ಅನುಮಾನ. ಹಾಕಿಸಿದವರು ಯಾರೆಂದು ಕೇಳಿದೆ. ಸಾರ್. ಬೇರೆ ಊರಿಗೆ ಹೋಗಿ ಬೇರೆ ಹೆಸರಿನಲ್ಲಿ ಸೋಲಾರ್ ವ್ಯವಹಾರ ಶುರು ಮಾಡಿದ್ದರು.

ಮೊದಲ ಬಸ್ಸಿಗೇ ಹೊರಟೆ. ದಾರಿಯುದ್ದಕ್ಕೂ ಏನೇನು ಸಿಗಬಹುದೆಂದು ಮನಸ್ಸಿನಲ್ಲೇ ಸವಿಯುತ್ತಿದ್ದೆ: ಹಳೆಯ ಪ್ಯಾನಲು, ತೆಳ್ಳಗಿನ ಕೇಬಲು, ಭೂಮಿಗೆ ಸರಿಯಾಗಿ ಕೊಡದ ಅರ್ಥಿಂಗ್, ನೆರಳು ಬೀಳುವ ತೆಂಗಿನಮರ. ಏಣಿ ಹತ್ತಿ ಮಾಡಿನ ಮೇಲೆ ಹೋದೆ. ಒಂದೊಂದು ಪ್ಯಾನಲನ್ನೂ ನೋಡಿದೆ, ಒಂದೊಂದು ಜೋಡಣೆಯನ್ನೂ ಬಿಚ್ಚಿಸಿ ನೋಡಿದೆ. ಬಿಸಿಲು ಬಂದಾಗ ಅಳೆದೆ, ಮೋಡ ಬಂದಾಗ ಅಳೆದೆ. ಮಧ್ಯಾಹ್ನ ಊಟಕ್ಕೆ ಕರೆದರೂ ಇಳಿಯಲಿಲ್ಲ. ತಪ್ಪು ಸಿಗಬೇಕಿತ್ತು ನನಗೆ. ಒಂದು ಸಡಿಲ ಬೋಲ್ಟಾದರೂ ಸಾಕಿತ್ತು.

ಎಲ್ಲ ಸರಿಯಾಗಿತ್ತು. ಸರಿ ಮಾತ್ರ ಅಲ್ಲ, ಚೆನ್ನಾಗಿತ್ತು. ಕೇಬಲ್ ಬೇಕಾದದ್ದಕ್ಕಿಂತ ಒಂದು ಅಳತೆ ದಪ್ಪದ್ದೇ ಹಾಕಿದ್ದರು. ಕರೆಂಟು ಕಡಿಮೆ ಬರುತ್ತಿದ್ದದ್ದು ಆಟಿ ತಿಂಗಳ ಮಳೆಮೋಡಕ್ಕೆ. ನಮ್ಮ ಕಡೆಯ ಮಳೆಗಾಲದಲ್ಲಿ ಯಾರು ಹಾಕಿದರೂ ಅಷ್ಟೇ ಬರುವುದು.

"ಎಂತ ಮೇಡಂ, ಮೋಸ ಅಲ್ವಾ?" ಎಂದರು ಘಟಕದ ಯಜಮಾನರು. ನಾನು ಹೌದೆಂದಿದ್ದರೆ ಅವರು ನಂಬುತ್ತಿದ್ದರು. ನನ್ನ ಮಾತಿಗೆ ಈಗ ಅಷ್ಟು ಬೆಲೆ ಇತ್ತು. ಒಂದು ಶಬ್ದದಲ್ಲಿ ಸಾರಿನ ಎರಡನೆಯ ವ್ಯವಹಾರವೂ ಮುಗಿಯುತ್ತಿತ್ತು. ಆ ಶಬ್ದ ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು ಎಂದರೆ ಸುಳ್ಳಲ್ಲ.

"ಅಲ್ಲ," ಎಂದೆ. "ಕೆಲಸ ಸರಿ ಉಂಟು. ಮಳೆ ಹೋದ ಮೇಲೆ ನೋಡಿ, ಹೇಳಿದಷ್ಟು ಬರ್ತದೆ."

ವರದಿಯಲ್ಲಿಯೂ ಹಾಗೆಯೇ ಬರೆದೆ. ನನ್ನ ಕೈಯಿಂದ ಅವರ ಕೆಲಸಕ್ಕೆ ಸರಿ ಎಂದು ಬರೆಯುವಾಗ ಹಲ್ಲು ಕಚ್ಚಿ ದವಡೆ ನೋವು ಬಂತು. ಅವರು ನನ್ನ ಅಳತೆ ತಪ್ಪೆಂದು ಸುಳ್ಳು ಹೇಳಿದ್ದರು. ನಾನು ಹಾಗೆಯೇ ಮಾಡಿದರೆ ತಪ್ಪು ಅಳೆಯುವವಳು ಎಂದು ಅವರು ಇಟ್ಟ ಹೆಸರು ನನಗೆ ಸರಿಯಾಗಿಯೇ ಹೊಂದುತ್ತಿತ್ತು. ಅದೊಂದನ್ನು ಅವರಿಗೆ ಕೊಡಲು ನಾನು ತಯಾರಿರಲಿಲ್ಲ.

ಎರಡು ದಿನ ಬಿಟ್ಟು ಅವರ ಫೋನು. ಧ್ವನಿ ತಗ್ಗಿತ್ತು, ಮುದುಕರಾದ ಹಾಗಿತ್ತು.

"ವರದಿ ನೋಡಿದೆ. ನೀನು ಹಾಗೆ ಬರೀತಿ ಅಂತ ನಾನು ಗ್ರಹಿಸಿರಲಿಲ್ಲ. ದೊಡ್ಡ ಉಪಕಾರ ಆಯ್ತು."

"ನಿಮಗೆ ಅಂತ ಬರೆದದ್ದಲ್ಲ ಸಾರ್. ಪ್ಯಾನಲು ಸರಿ ಇತ್ತು, ಅಷ್ಟೆ."

"ಹಾಗಾದರೆ ಹಳೆಯದೆಲ್ಲ ಇನ್ನು..."

"ಇಲ್ಲ," ಎಂದು ಫೋನು ಇಟ್ಟೆ.

ಅವರು ಈಗ ತುಂಬ ಎಚ್ಚರದಿಂದ ಕೆಲಸ ಮಾಡುತ್ತಾರಂತೆ. ಒಂದು ಸ್ಕ್ರೂ ಹಾಕುವ ಮೊದಲು ಕೂಡ, ಆ ಹೆಂಗಸು ಬಂದು ನೋಡಿದರೆ ಎಂತ ಹೇಳಬಹುದು ಎಂದು ಕೆಲಸದವರಿಗೆ ಹೇಳುತ್ತಾರಂತೆ. ಮೊನ್ನೆ ಕಡಬದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಯಾರೋ ಇದನ್ನು ಹೇಳಿ ನಕ್ಕರು. ನಾನು ಬೇಕಾದ ಫ್ಯೂಸು ತೆಗೆದುಕೊಂಡಾಗಿತ್ತು, ಹೊರಡಬಹುದಿತ್ತು. ಆದರೂ ಇನ್ನೊಮ್ಮೆ ಹೇಳಿಸಿ ಕೇಳಿದೆ.